ಗೇಟಿನ ಪಕ್ಕದ ಫಲಕ: ಕಾರ್ಮಿಕ ಹಕ್ಕುಗಳ ನೋಟಿಸನ್ನು ಕೇಳಿ ಹಾಕಿಸುವ ಕ್ರಮ

ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಶೆಡ್ಡಾಗಲಿ, ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಯಾಗಲಿ, ಉಡುಪಿಯ ಬಟ್ಟೆಯಂಗಡಿಯಾಗಲಿ, ಒಂದು ನೋಟಿಸ್ ಬೋರ್ಡ್ ಹೆಚ್ಚಾಗಿ ಇದ್ದೇ ಇರುತ್ತದೆ. ಅದರ ಮೇಲೆ ಊರಿನ ಬ್ರಹ್ಮಕಲಶೋತ್ಸವದ ಆಮಂತ್ರಣ, ಬಯಲಾಟದ ಕರಪತ್ರ, ರಕ್ತದಾನ ಶಿಬಿರದ ಪ್ರಕಟಣೆ, ಕಳೆದ ವರ್ಷದ ರಜಾ ಪಟ್ಟಿ ಇವೆಲ್ಲ ಕಾಣುತ್ತವೆ. ಕೆಲಸಕ್ಕೆ ತಕ್ಕ ಕನಿಷ್ಠ ವೇತನ ಎಷ್ಟು, ಸಂಬಳ ಯಾವ ತಾರೀಕಿನೊಳಗೆ ಕೈಸೇರಬೇಕು, ತಕರಾರಿದ್ದರೆ ಯಾವ ಅಧಿಕಾರಿಯ ಬಳಿ ಹೋಗಬೇಕು ಎಂದು ತಿಳಿಸುವ ಕಾಗದ ಮಾತ್ರ ಒಂದೋ ಇರುವುದಿಲ್ಲ, ಇಲ್ಲವೇ ಮಾನೇಜರ ಕೋಣೆಯ ಒಳಗೆ, ಕ್ಯಾಲೆಂಡರಿನ ಹಿಂದೆ, ಇಂಗ್ಲಿಷಿನಲ್ಲಿ ಇರುತ್ತದೆ.

ಆ ಕಾಗದವನ್ನು ಹಾಕುವುದು ಮಾಲೀಕರ ಔದಾರ್ಯವಲ್ಲ, ಕಾನೂನಿನ ಆದೇಶ. ಆದರೆ ಎಲ್ಲ ನೋಟಿಸುಗಳ ಹಿಂದೆಯೂ ಒಂದೇ ಕಾನೂನು ಇಲ್ಲ, ಎಲ್ಲವನ್ನೂ ಹಾಕಿಸುವ ಅಧಿಕಾರ ಒಬ್ಬನೇ ಅಧಿಕಾರಿಗೂ ಇಲ್ಲ. ಕಾರ್ಮಿಕರ ಪರವಾಗಿ ಅರ್ಜಿಗಳನ್ನು ಬರೆದುಕೊಡುತ್ತ ಬಂದ ನನಗೆ ಹೆಚ್ಚಾಗಿ ಕಂಡ ತಪ್ಪು ಇದೇ: ಯಾವ ನೋಟಿಸು, ಯಾವ ಕಾನೂನಿನಡಿ ಎಂದು ಹೇಳದೆ ‘ನಮ್ಮಲ್ಲಿ ಯಾವ ನಿಯಮವನ್ನೂ ಪಾಲಿಸುತ್ತಿಲ್ಲ’ ಎಂದು ಬರೆದ ದೂರಿಗೆ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ. ಹೆಸರು ಹಿಡಿದು ಕೇಳಿದ ಕಾಗದವನ್ನು ಇಲ್ಲವೆನ್ನುವುದು ಕಷ್ಟ. ಆದ್ದರಿಂದ ಈ ಬರಹ ಆ ಕ್ರಮದಲ್ಲೇ ಸಾಗುತ್ತದೆ.

ಮೊದಲು ತಿಳಿಯಬೇಕಾದದ್ದು: ಅಧಿಕಾರ ಎಲ್ಲಿಂದ ಬರುತ್ತದೆ

ಕಾರ್ಮಿಕ ಅಧಿಕಾರಿಯೊಬ್ಬರು ಒಂದು ಸಂಸ್ಥೆಗೆ ‘ಈ ನೋಟಿಸನ್ನು ಹಾಕಿ’ ಎಂದು ಹೇಳಬೇಕಾದರೆ ಅವರ ಕೈಯಲ್ಲಿ ಎರಡರಲ್ಲಿ ಒಂದು ಇರಬೇಕು. ಆ ನೋಟಿಸನ್ನು ಹಾಕಬೇಕೆಂದು ಕಾನೂನೇ ನೇರವಾಗಿ ಹೇಳಿರಬೇಕು, ಅಥವಾ ಅಂಥ ಆದೇಶ ಹೊರಡಿಸುವ ಅಧಿಕಾರವನ್ನು ಕಾನೂನು ಅವರಿಗೆ ಕೊಟ್ಟಿರಬೇಕು. 1948ರ ಕಾರ್ಖಾನೆ ಕಾಯಿದೆಯ 108ನೇ ಸೆಕ್ಷನ್ನಿನಲ್ಲಿ ಎರಡೂ ಒಟ್ಟಿಗೆ ಇದ್ದವು. ಕಾಯಿದೆಯ ಸಾರಾಂಶವನ್ನೂ ನಿರೀಕ್ಷಕರ ಹೆಸರು ಮತ್ತು ವಿಳಾಸವನ್ನೂ ಪ್ರತಿ ಕಾರ್ಖಾನೆ ಪ್ರದರ್ಶಿಸಬೇಕೆಂದು ಅದು ಹೇಳಿತು. ಜೊತೆಗೆ, ಕಾರ್ಮಿಕರ ಆರೋಗ್ಯ, ಸುರಕ್ಷತೆ ಅಥವಾ ಕಲ್ಯಾಣಕ್ಕೆ ಸಂಬಂಧಿಸಿದ ಬೇರೆ ಯಾವುದೇ ನೋಟಿಸು ಅಥವಾ ಭಿತ್ತಿಪತ್ರವನ್ನು ಹಾಕುವಂತೆ ಮುಖ್ಯ ನಿರೀಕ್ಷಕರು ಮಾನೇಜರಿಗೆ ಲಿಖಿತ ಆದೇಶ ಕೊಡಬಹುದೆಂದೂ ಹೇಳಿತು. ಕಾರ್ಮಿಕ ತಪಾಸಣೆಯ ಕುರಿತಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಡಂಬಡಿಕೆಯನ್ನು ಭಾರತ 1949ರಲ್ಲಿ ಸ್ಥಿರೀಕರಿಸಿದೆ. ಅದರ 12ನೇ ವಿಧಿ ನಿರೀಕ್ಷಕರಿಗೆ ಇರಬೇಕಾದ ಅಧಿಕಾರಗಳ ಪಟ್ಟಿಯಲ್ಲಿ, ಕಾನೂನು ಬಯಸುವ ನೋಟಿಸುಗಳನ್ನು ಹಾಕಿಸುವ ಅಧಿಕಾರವನ್ನೂ ಸೇರಿಸುತ್ತದೆ. ‘ಕಾನೂನು ಬಯಸುವ’ ಎಂಬ ಮಾತನ್ನು ಗಮನಿಸಬೇಕು. ನಿರೀಕ್ಷಕರು ನೋಟಿಸನ್ನು ಹಾಕಿಸಬಲ್ಲರು, ಹೊಸದಾಗಿ ಸೃಷ್ಟಿಸಲಾರರು.

ಈ ಗೆರೆ ಎಷ್ಟು ಮುಖ್ಯವೆಂದು ತೋರಿಸುವ ಪ್ರಸಂಗವೊಂದು ಅಮೆರಿಕದಲ್ಲಿ ನಡೆದಿದೆ. ಸಂಘ ಕಟ್ಟುವ ಹಕ್ಕಿನ ಬಗ್ಗೆ ತಿಳಿಸುವ ಭಿತ್ತಿಪತ್ರವನ್ನು ಖಾಸಗಿ ಸಂಸ್ಥೆಗಳು ಹಾಕಬೇಕೆಂದು ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ 2011ರ ಆಗಸ್ಟಿನಲ್ಲಿ ನಿಯಮ ಮಾಡಿತು. 1935ರ ಮೂಲ ಕಾಯಿದೆಯಲ್ಲಿ ಅಂಥ ಭಿತ್ತಿಪತ್ರದ ಮಾತೇ ಇರಲಿಲ್ಲ. 2013ರಲ್ಲಿ ಎರಡು ಮೇಲ್ಮನವಿ ನ್ಯಾಯಾಲಯಗಳು ಆ ನಿಯಮವನ್ನು ತಳ್ಳಿಹಾಕಿದವು. ದೂರು ಅಥವಾ ಕಾರ್ಮಿಕ ಸಂಘವನ್ನು ಆರಿಸುವ ಚುನಾವಣೆಯ ಅರ್ಜಿ ಬಂದಾಗ ವಿಚಾರಿಸುವುದು ಮಂಡಳಿಯ ಕೆಲಸವೇ ಹೊರತು ತಾನಾಗಿಯೇ ಎಲ್ಲರ ಗೋಡೆಗೂ ಕಾಗದ ಅಂಟಿಸುವ ಅಧಿಕಾರ ಅದಕ್ಕಿಲ್ಲ ಎಂಬುದು ಒಂದು ನ್ಯಾಯಾಲಯದ ನಿಲುವಾಗಿತ್ತು. ಭಿತ್ತಿಪತ್ರ ಹಾಕದ್ದಕ್ಕೆ ಶಿಕ್ಷಿಸುವುದು ಮಾಲೀಕರಿಗೆ ಕಾಯಿದೆ ಕೊಟ್ಟ ಅಭಿವ್ಯಕ್ತಿಯ ರಕ್ಷಣೆಗೆ ವಿರುದ್ಧವೆಂದು ಇನ್ನೊಂದು ನ್ಯಾಯಾಲಯ ಹೇಳಿತು. ಸುಪ್ರೀಂ ಕೋರ್ಟಿಗೆ ಹೋಗುವುದಿಲ್ಲವೆಂದು 2014ರ ಆರಂಭದಲ್ಲಿ ಮಂಡಳಿಯೇ ಹಿಂದೆ ಸರಿಯಿತು. ನಮ್ಮಲ್ಲಿ ಪರಿಸ್ಥಿತಿ ತಿರುವುಮುರುವು: ನೋಟಿಸು ಹಾಕಬೇಕೆಂಬ ಮಾತು ಕಾಯಿದೆಗಳ ಒಳಗೇ ಇದೆ, ಗೋಡೆಯ ಮೇಲೆ ಮಾತ್ರ ಇಲ್ಲ.

ಎರಡನೆಯದು: ಈಗ ಯಾವ ಕಾನೂನು ಚಾಲ್ತಿಯಲ್ಲಿದೆ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 2019ರ ವೇತನ ಸಂಹಿತೆ, 2020ರ ಕೈಗಾರಿಕಾ ಸಂಬಂಧ ಸಂಹಿತೆ, ಅದೇ ವರ್ಷದ ಸಾಮಾಜಿಕ ಭದ್ರತಾ ಸಂಹಿತೆ ಹಾಗೂ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಇವು 29 ಹಳೆಯ ಕಾಯಿದೆಗಳ ಜಾಗಕ್ಕೆ ಬಂದವು. 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ, ಮೇಲೆ ಹೇಳಿದ ಕಾರ್ಖಾನೆ ಕಾಯಿದೆ, 1961ರ ಹೆರಿಗೆ ಸೌಲಭ್ಯ ಕಾಯಿದೆ ಎಲ್ಲವೂ ಹೀಗೆ ಸಂಹಿತೆಗಳಲ್ಲಿ ಸೇರಿಹೋಗಿವೆ. ಹಳೆಯ ಕಾಯಿದೆಗಳಡಿ ಮಾಡಿದ ನಿಯಮಗಳು ಮತ್ತು ಅಧಿಸೂಚನೆಗಳು ಹೊಸ ಸಂಹಿತೆಗೆ ವಿರುದ್ಧವಾಗಿರದಷ್ಟರ ಮಟ್ಟಿಗೆ ಪರಿವರ್ತನೆಯ ಕಾಲದಲ್ಲಿ ಮುಂದುವರಿಯುತ್ತವೆ. ‘ಹಳೆಯ ಕಾಯಿದೆ ಹೋಯಿತು, ಇನ್ನು ನೋಟಿಸಿನ ಅಗತ್ಯವಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಮುಖ್ಯ ನೋಟಿಸುಗಳ ಹೊಣೆಯನ್ನು ಸಂಹಿತೆಗಳು ಹಾಗೆಯೇ ಉಳಿಸಿಕೊಂಡಿವೆ.

ಇಲ್ಲಿ ಮುಖ್ಯವಾಗಿ ಬೇಕಾಗುವ ಎರಡು ಕಾನೂನುಗಳು ಸಂಹಿತೆಗಳ ಹೊರಗೇ ಇವೆ: ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಮತ್ತು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ನೀವು ಹಂಪನಕಟ್ಟೆಯ ಮೊಬೈಲ್ ಅಂಗಡಿಯಲ್ಲೋ ಮಣಿಪಾಲದ ಕಚೇರಿಯಲ್ಲೋ ಕೆಲಸ ಮಾಡುವವರಾದರೆ ಈ ಎರಡನೆಯದು ನಿಮಗೆ ಅನ್ವಯಿಸುತ್ತದೆ. ಅದರಡಿ ಪಡೆದ ನೋಂದಣಿ ಪ್ರಮಾಣಪತ್ರ ಅಂಗಡಿಯಲ್ಲಿ ಎದ್ದು ಕಾಣುವಂತಿರಬೇಕು. ಅದು ಕಾಣದಿದ್ದರೆ ಉಳಿದ ನೋಟಿಸುಗಳೂ ಇರಲಾರವು ಎಂದು ಬಹುಮಟ್ಟಿಗೆ ಊಹಿಸಬಹುದು.

ಮೂರನೆಯದು: ಫಲಕದ ಮುಂದೆ ನಿಂತು ಓದುವುದು

ಒಂದು ಸಣ್ಣ ಪುಸ್ತಕ ಹಿಡಿದು, ಊಟದ ಬಿಡುವಿನಲ್ಲಿ, ಫಲಕದಲ್ಲಿ ಏನೇನಿದೆ ಎಂದು ಬರೆದುಕೊಳ್ಳಿ. ಹುಡುಕಬೇಕಾದ ಮೊದಲ ಕಾಗದ ವೇತನದ್ದು. ವೇತನ ಸಂಹಿತೆಯ 50ನೇ ಸೆಕ್ಷನ್ನಿನ ಪ್ರಕಾರ ಮಾಲೀಕರು ಸಂಸ್ಥೆಯ ಎದ್ದು ಕಾಣುವ ಸ್ಥಳದಲ್ಲಿ ಹಾಕಬೇಕಾದ ನೋಟಿಸಿನಲ್ಲಿ ಸಂಹಿತೆಯ ಸಾರಾಂಶ, ಯಾವ ವರ್ಗದ ಕೆಲಸಗಾರರಿಗೆ ಯಾವ ದರ ಎಂಬ ವಿವರ, ವೇತನಾವಧಿ, ಸಂಬಳ ಕೊಡುವ ದಿನ ಅಥವಾ ತಾರೀಕು ಮತ್ತು ಸಮಯ, ಆ ವ್ಯಾಪ್ತಿಯ ನಿರೀಕ್ಷಕರ ಹೆಸರು ಮತ್ತು ವಿಳಾಸ ಇಷ್ಟೂ ಇರಬೇಕು. ಈ ನಿರೀಕ್ಷಕರಿಗೆ ಹೊಸ ಸಂಹಿತೆ ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’ ಎಂಬ ಉದ್ದನೆಯ ಹೆಸರು ಕೊಟ್ಟಿದೆ; ಜನ ಇನ್ನೂ ಲೇಬರ್ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಾರೆ, ಅರ್ಜಿಯಲ್ಲಿ ಹಾಗೆ ಬರೆದರೂ ತೊಂದರೆಯಿಲ್ಲ.

ದರದ ಪಟ್ಟಿ ಇದ್ದರೆ ಸಾಲದು, ಅದರ ತಾರೀಕನ್ನು ನೋಡಬೇಕು. ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕೃತವಾಗುತ್ತದೆ. ಎರಡು ಏಪ್ರಿಲ್ ಹಿಂದಿನ ಪಟ್ಟಿ ಚೌಕಟ್ಟಿನೊಳಗೆ ಅಂದವಾಗಿ ಕುಳಿತಿದ್ದರೆ ಅದು ಇಲ್ಲದ್ದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಓದಿದವರು ಅದನ್ನೇ ಸರಿಯಾದ ದರವೆಂದು ನಂಬುತ್ತಾರೆ. ಗೇರುಬೀಜ ಸುಲಿಯುವವರಿಗೆ ಕಿಲೋ ಲೆಕ್ಕ, ಬೀಡಿ ಕಟ್ಟುವವರಿಗೆ ಸಾವಿರದ ಲೆಕ್ಕ ಇರುವುದರಿಂದ ದಿನದ ದರವನ್ನಷ್ಟೇ ಬರೆದ ಪಟ್ಟಿ ಅವರ ಕೆಲಸಕ್ಕೆ ಬಾರದು. ತುಂಡು ಕೆಲಸದ ದರವನ್ನೇ ಕೇಳಬೇಕು.

ಬೀಡಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಕೆಲಸದ ಸ್ಥಳ ಅವರವರ ಮನೆಯ ಜಗಲಿ. ಜಗಲಿಯಲ್ಲಿ ನೋಟಿಸ್ ಬೋರ್ಡ್ ಇರುವುದಿಲ್ಲ. ಎಲೆ ಮತ್ತು ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಆ ದರದ ಪಟ್ಟಿ ತೂಗುತ್ತಿರಬೇಕೆಂದು ಕೇಳುವುದೇ ಸರಿಯಾದ ದಾರಿ, ಏಕೆಂದರೆ ಕೆಲಸಗಾರರು ಒಟ್ಟಾಗಿ ಬಂದು ನಿಲ್ಲುವ ಸ್ಥಳ ಅದೊಂದೇ.

ಎರಡನೆಯ ಕಾಗದ ದಂಡದ್ದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಸೂಪರ್ ಮಾರ್ಕೆಟ್, ಬಟ್ಟೆಯಂಗಡಿ, ಪೆಟ್ರೋಲ್ ಪಂಪುಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ನನ್ನ ಬಳಿ ತಂದ ತಕರಾರುಗಳಲ್ಲಿ ಹೆಚ್ಚಿನವು ಇವೇ: ಹತ್ತು ನಿಮಿಷ ತಡವಾಗಿದ್ದಕ್ಕೆ ನೂರು ರೂಪಾಯಿ, ಫೋನ್ ಹಿಡಿದದ್ದಕ್ಕೆ ಇನ್ನೂರು. ವೇತನ ಸಂಹಿತೆಯ 19ನೇ ಸೆಕ್ಷನ್ನಿನಂತೆ ಯಾವ ಯಾವ ತಪ್ಪಿಗೆ ದಂಡ ಹಾಕಬಹುದೆಂಬುದಕ್ಕೆ ಮಾಲೀಕರು ಮೊದಲೇ ಸರ್ಕಾರದ ಅಥವಾ ನಿಗದಿತ ಪ್ರಾಧಿಕಾರದ ಒಪ್ಪಿಗೆ ಪಡೆದಿರಬೇಕು ಮತ್ತು ಆ ತಪ್ಪುಗಳ ಪಟ್ಟಿಯನ್ನು ಕೆಲಸದ ಸ್ಥಳದಲ್ಲಿ ನೋಟಿಸಾಗಿ ಹಾಕಿರಬೇಕು. ಅನಂತರವೂ ಕೆಲಸಗಾರರಿಗೆ ಕಾರಣ ಹೇಳುವ ಅವಕಾಶ ಕೊಡದೆ ದಂಡ ಹಾಕುವಂತಿಲ್ಲ. ಒಂದು ವೇತನಾವಧಿಯಲ್ಲಿ ಆ ಅವಧಿಯ ವೇತನದ ಶೇ. 3ನ್ನು ಮೀರುವಂತಿಲ್ಲ, ಕಂತುಗಳಲ್ಲಿ ವಸೂಲು ಮಾಡುವಂತಿಲ್ಲ, 90 ದಿನ ಕಳೆದ ಮೇಲೆ ಕೇಳುವಂತಿಲ್ಲ. ಇಲ್ಲಿ ನೋಟಿಸಿನ ಸ್ವರೂಪವೇ ಬೇರೆ. ಕನಿಷ್ಠ ವೇತನದ ನೋಟಿಸು ಇಲ್ಲದಿದ್ದರೂ ನಿಮ್ಮ ವೇತನದ ಹಕ್ಕಿಗೆ ಕುಂದಿಲ್ಲ, ಆ ಕಾಗದ ಕೇವಲ ತಿಳಿವಳಿಕೆ ಕೊಡುತ್ತದೆ. ದಂಡದ ನೋಟಿಸು ಹಾಗಲ್ಲ. ಅದು ಇಲ್ಲದಿದ್ದರೆ ದಂಡ ಹಾಕುವ ಅಧಿಕಾರವೇ ಮಾಲೀಕರಿಗೆ ಹುಟ್ಟುವುದಿಲ್ಲ. ತಡವಾಗಿ ಬಂದಷ್ಟು ಹೊತ್ತಿನ ಸಂಬಳ ಕಡಿತವಾಗುವುದು ಬೇರೆ ವಿಷಯ, ಅದು ದಂಡವಲ್ಲ. ಈ ಎರಡನ್ನು ಬೆರೆಸಿ ಬರೆದರೆ ಅರ್ಜಿ ಅಲ್ಲಿಯೇ ದುರ್ಬಲವಾಗುತ್ತದೆ.

ಮೂರನೆಯದು ಲೈಂಗಿಕ ಕಿರುಕುಳ ತಡೆ ಕಾಯಿದೆಯ ಕಾಗದ. 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸ್ಥಳದಲ್ಲಿ ಆಂತರಿಕ ಸಮಿತಿ ಇರಬೇಕು. ಆ ಸಮಿತಿಯನ್ನು ರಚಿಸಿದ ಆದೇಶವನ್ನೂ ಕಿರುಕುಳಕ್ಕೆ ಆಗುವ ಶಿಕ್ಷೆಯ ವಿವರವನ್ನೂ ಎದ್ದು ಕಾಣುವ ಜಾಗದಲ್ಲಿ ಹಾಕಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಆದೇಶವೆಂದರೆ ಸದಸ್ಯರ ಹೆಸರಿರುವ ಆದೇಶ. ‘ನಮ್ಮ ಸಂಸ್ಥೆ ಕಿರುಕುಳವನ್ನು ಸಹಿಸುವುದಿಲ್ಲ’ ಎಂಬ ಬಣ್ಣದ ಪೋಸ್ಟರು ಅದರ ಬದಲಿಗೆ ಸಲ್ಲುವುದಿಲ್ಲ. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿಯೇ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿದ್ದಾರೆಯೇ, ಹೊರಗಿನ ಒಬ್ಬ ಸದಸ್ಯರಿದ್ದಾರೆಯೇ ಎಂದು ನೋಡಿ. ದೂರು ಕೊಡಲು ಘಟನೆಯಿಂದ 3 ತಿಂಗಳ ಅವಧಿಯಿದೆ, ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಹೆಸರು ಗೊತ್ತಿಲ್ಲದೆ ಆ ಅವಧಿ ಕಳೆದುಹೋಗುವುದೇ ಈ ನೋಟಿಸು ಇಲ್ಲದಿರುವುದರ ನಿಜವಾದ ನಷ್ಟ. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ. 10ಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದರ ವಿವರವನ್ನು ಜಿಲ್ಲಾಡಳಿತದಲ್ಲಿ ಕೇಳಬಹುದು. ಉಡುಪಿಯವರಿಗೆ ಜಿಲ್ಲಾಧಿಕಾರಿ ಕಚೇರಿ ಇರುವುದು ಮಣಿಪಾಲದ ರಜತಾದ್ರಿಯಲ್ಲಿ.

ಉಳಿದವನ್ನು ಬೇಗ ಹೇಳಿಬಿಡಬಹುದು. ಕೆಲಸದ ಹೊತ್ತನ್ನು ತಿಳಿಸುವ ನೋಟಿಸು, ಮಹಿಳೆಯರು ಕೆಲಸ ಮಾಡುವಲ್ಲಿ ಹೆರಿಗೆ ಸೌಲಭ್ಯದ ಸಾರಾಂಶ, ಬಾಲ ಮತ್ತು ಕಿಶೋರ ಕಾರ್ಮಿಕ ನಿಷೇಧದ ಸಾರಾಂಶ, ದೊಡ್ಡ ಸಂಸ್ಥೆಗಳಲ್ಲಿ ಕೆಲಸದ ಷರತ್ತುಗಳನ್ನು ಬರೆದಿಟ್ಟ ಸ್ಥಾಯಿ ಆದೇಶಗಳ ಪ್ರತಿ ಇವು ಸಂಸ್ಥೆಯ ಸ್ವರೂಪಕ್ಕೆ ತಕ್ಕಂತೆ ಇರಬೇಕಾದವು. ಅಡಿಕೆ ತೋಟದಲ್ಲೋ ಮನೆಯಲ್ಲೋ ಐವರಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳದವರಿಗೆ ವೇತನದ ನೋಟಿಸಿನಿಂದ ವಿನಾಯಿತಿ ಇದೆ. ಆದರೆ ಅಧಿಕಾರಿ ಕೇಳಿದರೆ ಕೂಲಿ ಕೊಟ್ಟದ್ದಕ್ಕೆ ಪುರಾವೆ ತೋರಿಸಬೇಕು.

ಭಾಷೆಯ ಪ್ರಶ್ನೆ

ಅಂಗಡಿಯ ಹೊರಗಿನ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಗಿ, ಊರೆಲ್ಲ ಬೋರ್ಡುಗಳು ಬದಲಾದವು. ಒಳಗಿನ ಗೋಡೆಯ ಮೇಲಿನ ಕಾಗದದ ಭಾಷೆಯ ಬಗ್ಗೆ ಅಷ್ಟು ಗದ್ದಲ ಆಗಲಿಲ್ಲ, ಅಲ್ಲಿ ಭಾಷೆ ಇನ್ನೂ ಹೆಚ್ಚು ಮುಖ್ಯವಾಗಿದ್ದರೂ.

ಕಾರ್ಮಿಕ ಕಾನೂನುಗಳು ಈ ವಿಷಯದಲ್ಲಿ ಎರಡು ಬೇರೆ ಅಳತೆಗಳನ್ನು ಬಳಸುತ್ತ ಬಂದಿವೆ. ಕಾರ್ಖಾನೆ ಕಾಯಿದೆ, ವೇತನ ಪಾವತಿ ಕಾಯಿದೆ ಮತ್ತು 1946ರ ಸ್ಥಾಯಿ ಆದೇಶಗಳ ಕಾಯಿದೆಗಳು ಇಂಗ್ಲಿಷಿನ ಜೊತೆಗೆ ಕಾರ್ಮಿಕರಲ್ಲಿ ಬಹುಪಾಲು ಜನರ ಭಾಷೆಯನ್ನು ಬಯಸಿದವು. ಹೆರಿಗೆ ಸೌಲಭ್ಯದ ಸಾರಾಂಶಕ್ಕೆ ಆ ಪ್ರದೇಶದ ಭಾಷೆ ಬೇಕು. ಕರಾವಳಿಯಲ್ಲಿ ಈ ಎರಡು ಒಂದೇ ಆಗಿರಬೇಕಾಗಿಲ್ಲ. ಮೀನು ಸಂಸ್ಕರಣಾ ಘಟಕದಲ್ಲಿ ದುಡಿಯುವವರು ಬಹುಪಾಲು ಒಡಿಶಾ, ಜಾರ್ಖಂಡ್‌ಗಳಿಂದ ಬಂದವರಾಗಿದ್ದರೆ ಅವರಿಗೆ ಅರ್ಥವಾಗುವುದು ಹಿಂದಿ ಅಥವಾ ಒಡಿಯಾ. ಅದೇ ಘಟಕದ ಶುಚಿ ಕೆಲಸದ ಊರಿನ ಹೆಂಗಸರಿಗೆ ಕನ್ನಡ. ನಮ್ಮೂರಿನ ಇನ್ನೊಂದು ವಿಶೇಷವೆಂದರೆ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿಯಾದರೂ ಶಾಲೆಯಲ್ಲಿ ಓದಲು ಕಲಿತದ್ದು ಕನ್ನಡ. ಹಾಗಾಗಿ ‘ಇಲ್ಲಿ ಯಾರೂ ಕನ್ನಡ ಮಾತಾಡುವುದಿಲ್ಲ, ಎಲ್ಲರೂ ತುಳುವರು’ ಎಂಬ ನೆಪ ನಿಲ್ಲುವುದಿಲ್ಲ. ಹೊಸ ಸಂಹಿತೆಗಳು ನೋಟಿಸಿನ ನಮೂನೆ, ವಿಧಾನಗಳನ್ನು ಬಹುಮಟ್ಟಿಗೆ ನಿಯಮಗಳಿಗೆ ಬಿಟ್ಟಿವೆ. ಆದರೂ ಓದುವವರಿಗೆ ತಿಳಿಯದ ಭಾಷೆಯ ನೋಟಿಸು ಯಾರಿಗೂ ಏನನ್ನೂ ತಿಳಿಸುವುದಿಲ್ಲವೆಂಬ ವಾದವನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಬರೆಯುವುದು ಒಳ್ಳೆಯದು.

ನಾಲ್ಕನೆಯದು: ಮೊದಲು ಒಳಗೆ ಕೇಳುವುದು

ನೇರವಾಗಿ ಇಲಾಖೆಗೆ ಹೋಗುವ ಮೊದಲು ಸಂಸ್ಥೆಯ ಒಳಗೆ ಒಮ್ಮೆ ಬರವಣಿಗೆಯಲ್ಲಿ ಕೇಳಿ. ಸಂಬಳ ಹೆಚ್ಚಿಸಿ ಎಂದು ಕೇಳಲು ಹಿಂಜರಿಯುವವರೂ ‘ಬೋರ್ಡಿನಲ್ಲಿ ಹಾಕಿಸಿ ಸಾರ್’ ಎಂದು ಕೇಳಬಲ್ಲರು, ಏಕೆಂದರೆ ಇದರಲ್ಲಿ ಯಾರ ಮೇಲೆಯೂ ಆರೋಪವಿಲ್ಲ, ಮಾಲೀಕರಿಗೆ ಕಾಗದದ ಖರ್ಚನ್ನು ಬಿಟ್ಟು ಬೇರೆ ನಷ್ಟವೂ ಇಲ್ಲ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕೆಂದು ಕೈಗಾರಿಕಾ ಸಂಬಂಧ ಸಂಹಿತೆ ಹೇಳುತ್ತದೆ. ಅದಿದ್ದರೆ ಪತ್ರವನ್ನು ಅದಕ್ಕೂ ಕೊಡಬಹುದು. ಪತ್ರ ಹೀಗಿದ್ದರೆ ಸಾಕು:

‘ಮಾನ್ಯರೇ, 2019ರ ವೇತನ ಸಂಹಿತೆಯ 50ನೇ ಸೆಕ್ಷನ್ನಿನಂತೆ ಸಂಸ್ಥೆಯ ಫಲಕದಲ್ಲಿ ಪ್ರದರ್ಶಿಸಬೇಕಾದ ವೇತನ ದರ, ಸಂಬಳದ ದಿನ ಮತ್ತು ನಿರೀಕ್ಷಕರ ವಿವರಗಳ ನೋಟಿಸು ನಮಗೆ ಕಂಡುಬಂದಿಲ್ಲ. 2013ರ ಕಾಯಿದೆಯ 19ನೇ ಸೆಕ್ಷನ್ನಿನಂತೆ ಆಂತರಿಕ ಸಮಿತಿಯ ಆದೇಶವೂ ಕಂಡುಬಂದಿಲ್ಲ. ಇವುಗಳನ್ನು ಕನ್ನಡದಲ್ಲಿ, ಎಲ್ಲರೂ ಒಳಬರುವ ದ್ವಾರದ ಬಳಿ ಹಾಕಿಸಬೇಕಾಗಿ ವಿನಂತಿ. ತಾವು ಈಗಾಗಲೇ ಹಾಕಿಸಿದ್ದಲ್ಲಿ ಅವು ಇರುವ ಸ್ಥಳವನ್ನು ತಿಳಿಸಬೇಕಾಗಿ ಕೋರುತ್ತೇವೆ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಮಾಲೀಕರಿಗೆ ಮುಖ ಉಳಿಸಿಕೊಳ್ಳಲು ಅದೊಂದು ದಾರಿ. ಮರುದಿನ ‘ಮೊದಲೇ ಇತ್ತು, ಸ್ವಲ್ಪ ಸರಿಸಿದ್ದೇವೆ’ ಎನ್ನುತ್ತ ಅವರು ನೋಟಿಸು ಹಾಕಿದರೂ ನಿಮ್ಮ ಕೆಲಸ ಆದಂತೆಯೇ. ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಸಹಿ ಕೊಡದಿದ್ದರೆ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಆರು ಜನರ ಅಂಗಡಿಯಲ್ಲಿ ಒಬ್ಬರೇ ಸಹಿ ಹಾಕಿದರೆ ಧಣಿಗಳ ಕಣ್ಣು ಆ ಒಬ್ಬರ ಮೇಲೆಯೇ ಬೀಳುತ್ತದೆ. ಆದ್ದರಿಂದ ನಾಲ್ಕಾರು ಸಹಿಗಳಿರಲಿ, ಅಥವಾ ಸಂಘವಿದ್ದರೆ ಸಂಘದ ಪತ್ರದಲ್ಲಿ ಹೋಗಲಿ.

ಐದನೆಯದು: ಸರಿಯಾದ ಕಚೇರಿಯನ್ನು ಹುಡುಕುವುದು

ಎರಡು ವಾರ ಕಾದರೂ ಫಲಕ ಬರಿದಾಗಿಯೇ ಇದ್ದರೆ ಇಲಾಖೆಗೆ ಬರೆಯಬೇಕು. ಇಲ್ಲಿ ಜನ ದಾರಿ ತಪ್ಪುತ್ತಾರೆ. ಅಂಗಡಿ, ಹೋಟೆಲು, ಬೀಡಿ, ಕಟ್ಟಡ ಕೆಲಸ, ವೇತನದ ವಿಷಯಗಳಿಗೆ ರಾಜ್ಯದ ಕಾರ್ಮಿಕ ಇಲಾಖೆಯ ನಿರೀಕ್ಷಕರು ಮತ್ತು ಅವರ ಮೇಲಿನ ಕಾರ್ಮಿಕ ಅಧಿಕಾರಿ. ಕಾರ್ಖಾನೆಯೊಳಗಿನ ಸುರಕ್ಷತೆ, ಯಂತ್ರ, ಕೆಲಸದ ಅವಧಿಯ ನೋಟಿಸುಗಳಿಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ಇದು ಬೇರೆಯೇ ಇಲಾಖೆ, ಅರ್ಜಿ ಅಲ್ಲಿಂದ ಇಲ್ಲಿಗೆ ತಾನಾಗಿ ಹೋಗುತ್ತದೆಂದು ನಂಬಿಕೊಂಡು ಕೂರಬಾರದು. ಪಣಂಬೂರಿನ ನವಮಂಗಳೂರು ಬಂದರು ಪ್ರಮುಖ ಬಂದರಾದುದರಿಂದ ಅಲ್ಲಿನ ಕಾರ್ಮಿಕರಿಗೂ, ಬ್ಯಾಂಕು, ರೈಲ್ವೆಗಳಂಥ ಸಂಸ್ಥೆಗಳಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರಿಗೂ ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ವ್ಯವಸ್ಥೆ. ಕೇಂದ್ರಕ್ಕೆ ಸೇರಿದ್ದನ್ನು ರಾಜ್ಯದ ನಿರೀಕ್ಷಕರಿಗೆ ಕೊಟ್ಟರೆ ‘ನಮ್ಮ ವ್ಯಾಪ್ತಿಯಲ್ಲ’ ಎಂಬ ಒಂದು ಸಾಲಿನ ಹಿಂಬರಹದೊಂದಿಗೆ ತಿಂಗಳುಗಟ್ಟಲೆ ಕಾಲ ಹೋಗುತ್ತದೆ. ಯಾವ ಕಚೇರಿ ಎಂದು ತೋಚದಿದ್ದರೆ ರಾಜ್ಯದ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆಮಾಡಿ ಕೇಳಿಕೊಳ್ಳಬಹುದು.

ಅರ್ಜಿಗೆ ಮೂರು ಕಾಗದ ಲಗತ್ತಿಸಿ: ಸಂಸ್ಥೆಗೆ ಕೊಟ್ಟ ಪತ್ರದ ಪ್ರತಿ, ಫಲಕದ ಚಿತ್ರ, ನಿಮ್ಮ ಗುರುತಿನ ಅಥವಾ ಸಂಬಳ ಚೀಟಿಯ ಪ್ರತಿ. ಚಿತ್ರದಲ್ಲಿ ಸಹೋದ್ಯೋಗಿಗಳ ಮುಖ ಬೀಳದಂತೆ ನೋಡಿಕೊಳ್ಳಿ. ಫೋಟೋ ತೆಗೆಯಬಾರದೆಂಬ ನಿಯಮ ಇರುವ ಕಡೆ ಫಲಕದಲ್ಲಿ ಇದ್ದದ್ದನ್ನು ತಾರೀಕಿನೊಂದಿಗೆ ಕೈಯಲ್ಲಿ ಬರೆದುಕೊಟ್ಟರೂ ನಡೆಯುತ್ತದೆ. ಹೆಸರು ಗುಪ್ತವಾಗಿರಲಿ ಎಂದು ಅರ್ಜಿಯಲ್ಲೇ ಕೋರಬಹುದು. ದೂರಿನ ಮೂಲವನ್ನು ನಿರೀಕ್ಷಕರು ಸಂಪೂರ್ಣ ಗೌಪ್ಯವಾಗಿಡಬೇಕೆಂಬುದು ಮೇಲೆ ಹೇಳಿದ 81ನೇ ಒಡಂಬಡಿಕೆಯ 15ನೇ ವಿಧಿಯ ಮಾತು.

ಇಷ್ಟಾದ ಮೇಲೆ ಏನನ್ನು ನಿರೀಕ್ಷಿಸಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮಾಲೀಕರಿಗೆ ನಾಳೆಯೇ ಶಿಕ್ಷೆಯಾಗುತ್ತದೆಂದು ಎದುರುನೋಡಿ ಬೇಸರಪಟ್ಟವರನ್ನು ನೋಡಿದ್ದೇನೆ. ವೇತನ ಸಂಹಿತೆಯ 54ನೇ ಸೆಕ್ಷನ್ನಿನಂತೆ ಇಂಥ ಲೋಪಗಳಿಗೆ ಮೊಕದ್ದಮೆ ಹೂಡುವ ಮೊದಲು ಅಧಿಕಾರಿ ಲಿಖಿತ ನಿರ್ದೇಶನ ಕೊಟ್ಟು, ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡಬೇಕು. ಆ ಅವಧಿಯಲ್ಲಿ ಸರಿಪಡಿಸಿಕೊಂಡರೆ ಮೊಕದ್ದಮೆ ಇಲ್ಲ. ಐದು ವರ್ಷದೊಳಗೆ ಅದೇ ಬಗೆಯ ಲೋಪ ಮತ್ತೆ ನಡೆದರೆ ಈ ಸೌಲಭ್ಯ ಸಿಗುವುದಿಲ್ಲ. ಹಾಗಾಗಿ ಮೊದಲ ಸಲ ದೂರಿನಿಂದ ಬರುವ ಫಲ ಗೋಡೆಯ ಮೇಲಿನ ಕಾಗದ. ಎರಡನೇ ಸಲಕ್ಕೆ ಬಲ ಕೊಡುವುದು ಮೊದಲನೆಯದರ ದಾಖಲೆ. ನಿರೀಕ್ಷಕರ ನಿರ್ದೇಶನದ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು 10 ರೂಪಾಯಿ ಶುಲ್ಕದೊಂದಿಗೆ ಅದೇ ಕಚೇರಿಯ ಮಾಹಿತಿ ಅಧಿಕಾರಿಗೆ ಕೊಡಿ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ‘ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಮತ್ತು ತಪಾಸಣಾ ವರದಿಯ ಪ್ರತಿ’ ಎಂದು ಕೇಳಿದರೆ ಸಾಕು. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ; ಅದಕ್ಕೆ ದಾಖಲೆ ಇರುವುದಿಲ್ಲ, ಉತ್ತರವೂ ಬರುವುದಿಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ. ಬಾಕಿ ವೇತನದಂಥ ಗಂಭೀರ ವಿಷಯ ಇದರೊಂದಿಗೆ ಸೇರಿಕೊಂಡಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು 1987ರ ಕಾಯಿದೆಯಂತೆ ಉಚಿತ ಕಾನೂನು ನೆರವಿಗೆ ಅರ್ಹರು, ಸಹಾಯವಾಣಿ 15100. ವೇತನದ ಬಾಕಿಯ ಹಕ್ಕುಸಾಧನೆಗೆ ಸಂಹಿತೆ 3 ವರ್ಷಗಳ ಅವಧಿ ಕೊಟ್ಟಿದೆ. ನೋಟಿಸಿಗಾಗಿ ಪತ್ರ ಬರೆಯುತ್ತ ಆ ಅವಧಿಯನ್ನು ಕಳೆದುಕೊಳ್ಳಬಾರದು; ಎರಡೂ ಬೇರೆ ಬೇರೆ ಕಡತಗಳಲ್ಲಿ ಸಾಗಲಿ.

ಸಣ್ಣ ಮಾಲೀಕರಿಗೆ ಒಂದೆರಡು ಮಾತು

ಈ ಬರಹವನ್ನು ಮಾಲೀಕರೂ ಓದಬಹುದು. ಪೇಟೆಯಲ್ಲಿ ಸಿಗುವ ಇಂಗ್ಲಿಷ್ ಸಾರಾಂಶಗಳ ದೊಡ್ಡ ಚಾರ್ಟನ್ನು ಕೊಂಡು ತೂಗುಹಾಕಿದರೆ ಕೆಲಸ ಮುಗಿಯಿತೆಂದು ಭಾವಿಸಬೇಡಿ. 2025ಕ್ಕಿಂತ ಮೊದಲು ಅಚ್ಚಾದ ಚಾರ್ಟುಗಳಲ್ಲಿ ಇರುವುದು ಹಳೆಯ ಕಾಯಿದೆಗಳ ಹೆಸರು. ಅದನ್ನು ಕಿತ್ತೆಸೆಯುವ ಅವಸರವೂ ಬೇಡ. ಅದರ ಪಕ್ಕದಲ್ಲಿ ವೇತನ ದರ, ಸಂಬಳದ ತಾರೀಕು, ನಿರೀಕ್ಷಕರ ವಿಳಾಸ, ಆಂತರಿಕ ಸಮಿತಿಯ ಹೆಸರುಗಳನ್ನು ಬರೆದ ಕನ್ನಡದ ಒಂದು ಹಾಳೆಯನ್ನು ಹಾಕಿ, ಕೆಳಗೆ ತಾರೀಕು ಮತ್ತು ಸಹಿ ಇರಲಿ. ಹೊರರಾಜ್ಯದ ಕೆಲಸಗಾರರಿದ್ದರೆ ಅವರಲ್ಲೇ ಓದುಬರಹ ಬಲ್ಲ ಒಬ್ಬರ ಕೈಯಲ್ಲಿ ಹಿಂದಿಯ ಪ್ರತಿಯೊಂದನ್ನು ಬರೆಸಿ.

ನೋಟಿಸು ಸ್ವಚ್ಛವಾಗಿ, ಓದುವಂತೆ ಇರಬೇಕೆಂಬ ಕಾರ್ಖಾನೆ ಕಾಯಿದೆಯ ಮಾತು ನಮ್ಮ ಮಳೆಗಾಲದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಜೂನಿನಲ್ಲಿ ಹಾಕಿದ ಕಾಗದ ಆಗಸ್ಟಿಗೆ ಬೂಷ್ಟು ಹಿಡಿದು ಸುರುಳಿಯಾಗುತ್ತದೆ, ಲ್ಯಾಮಿನೇಷನ್ನಿನ ಅಂಚಿನಿಂದ ನೀರು ಒಳಗೆ ಇಳಿಯುತ್ತದೆ, ಗೋಡೆಯ ತೇವಕ್ಕೆ ಶಾಯಿ ಹರಡುತ್ತದೆ. ಗೋಡೆಗೆ ತಾಗದಂತೆ ಮರದ ಪಟ್ಟಿಯ ಮೇಲೆ ಗಾಜಿನ ಬಾಗಿಲಿನ ಪೆಟ್ಟಿಗೆಯೊಂದನ್ನು ಮಾಡಿಸಿ, ಸಮಯ ಬರೆಯುವ ಪುಸ್ತಕ ಅಥವಾ ಹಾಜರಿ ಯಂತ್ರ ಇರುವಲ್ಲಿ ತೂಗುಹಾಕುವುದು ಉತ್ತಮ. ಅಲ್ಲಿ ಎಲ್ಲರೂ ದಿನಕ್ಕೆ ಎರಡು ಸಲ ನಿಲ್ಲುತ್ತಾರೆ. ಬೀಗದ ಕೈ ಮಾತ್ರ ಮಾನೇಜರ ಮನೆಯಲ್ಲಿರುವುದು ಬೇಡ. ಬ್ರಹ್ಮಕಲಶದ ಆಮಂತ್ರಣಕ್ಕೆ ಪಕ್ಕದಲ್ಲಿ ಬೇರೆ ಹಲಗೆ ಇರಲಿ, ಇದರ ಮೇಲೆ ಅಂಟಿಸಲು ಬಿಡಬೇಡಿ.

ಕಾರ್ಮಿಕರು ಹೊಸ ನೋಟಿಸು ಬಂದ ದಿನವನ್ನು ಬರೆದುಕೊಂಡು, ಸಾಧ್ಯವಿದ್ದರೆ ಅದರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ಹೊಸ ತುಟ್ಟಿಭತ್ಯೆಯೊಂದಿಗೆ ಆ ಪಟ್ಟಿ ಬದಲಾಯಿತೇ ಎಂದು ಮತ್ತೊಮ್ಮೆ ನೋಡಿ, ಬದಲಾಗದಿದ್ದರೆ ಅದೇ ಪತ್ರವನ್ನು ಹೊಸ ತಾರೀಕಿನಲ್ಲಿ ಕೊಡಿ.